ಬಂಗಲೆಗೆ ಬಣ್ಣ

ರಂಗೂಬಾಯಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಕೊತ್ತಂಬರಿ ಸಿವುಡು ಕೊಂಡರೆ ಅಲ್ಲಿಯೇ ದಾರ ಬಿಚ್ಚಿ, ನಡುವೆ ಹುಲ್ಲು ತುರುಕಿದ್ದಾರೆಯೇ ಎಂದು ನೋಡಿಯೇ ಚೀಲಕ್ಕೆ ಹಾಕುವಳು. ರಿಕ್ಷಾದಲ್ಲಿ ಕೂತರೆ ರಸ್ತೆ ನೋಡುವುದಿಲ್ಲ, ಮೀಟರ್ ನೋಡುತ್ತಾಳೆ. ಡಾಕ್ಟರು "ಏನೂ ಇಲ್ಲ, ಬರೇ ವಾಯು" ಅಂದರೆ, ಏನೋ ಇದೆ, ಅದಕ್ಕೇ ಇಲ್ಲ ಅನ್ನುತ್ತಿದ್ದಾನೆ ಎಂದು ಮರುದಿನ ಬೇರೆ ಡಾಕ್ಟರ ಬಾಗಿಲಿಗೆ ಹೋಗಿ ಕೂರುತ್ತಾಳೆ.

ಹುಟ್ಟಿನಿಂದ ಬಂದ ಗುಣವಲ್ಲ ಇದು. ರಾಮದುರ್ಗದಿಂದ ಮದುವೆಯಾಗಿ ಪುಣೆಗೆ ಬಂದಾಗ ಅವಳಿಗೆ ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ಸದಾಶಿವ ಪೇಠದ ಹಳೆಯ ವಾಡೆ, ಒಂದೇ ಅಂಗಳದ ಸುತ್ತ ಹತ್ತಾರು ಬಾಡಿಗೆ ಸಂಸಾರಗಳು. ಮೇಲ್ಮಾಳಿಗೆಯಲ್ಲಿ ಎರಡು ಕೋಣೆಯ ಸಂಸಾರ. ನೀರಿಗೆ ಕೆಳಗಿಳಿದು ಅಂಗಳಕ್ಕೆ ಬರಬೇಕು. ಇವಳು ಕೊಡ ಹಿಡಿದು ಬಂದ ಕೂಡಲೇ ಅಂಗಳದ ಹೆಂಗಸರ ಮಾತು ನಿಲ್ಲುತ್ತಿತ್ತು, ಇವಳು ಬೆನ್ನು ತಿರುಗಿಸಿದರೆ ನಗು ಕೇಳುತ್ತಿತ್ತು. ಮಾತು ತಿಳಿಯದವಳು ಮುಖ ಓದುವುದನ್ನು ಕಲಿತಳು. ಆಮೇಲೆ ಮರಾಠಿ ಬಂತು, ಎಷ್ಟು ಬಂತೆಂದರೆ ಜಗಳವನ್ನೂ ಅದರಲ್ಲೇ ಆಡುವಷ್ಟು. ಆದರೆ ಮುಖ ಓದುವ ಚಟ ಹೋಗಲಿಲ್ಲ.

ಗಂಡ ಶ್ಯಾಮರಾಯರು ಇದಕ್ಕೆ ತೀರ ವಿರುದ್ಧ. ಲಕ್ಷ್ಮೀ ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ಯಾರು ಏನು ಹೇಳಿದರೂ "ಹೌದ್ರಿ" ಅನ್ನುವವರು. ರಂಗೂಬಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸೀರೆಗಳಿಗೆ ಫಾಲ್ ಹಚ್ಚಿ, ಪಿಕೊ ಮಾಡಿ ಕೊಡುತ್ತಿದ್ದಳು. ಒಬ್ಬಳೇ ಮಗಳು ಸುರಭಿ. ಅವಳ ಮದುವೆಯೂ ಆಗಿ ಖರಾಡಿಯಲ್ಲಿ ಸಂಸಾರ ಹೂಡಿದ್ದಳು.

ಇಂಥ ಮನೆಯಿಂದ ಶ್ಯಾಮರಾಯರ ತಂಗಿ ಮುಕ್ತಾ ಹೋಗಿ ಸೇರಿದ್ದು ಜಮಖಂಡಿಕರರ ಬಂಗಲೆಗೆ. ಪ್ರಭಾತ ರಸ್ತೆಯ ಬಂಗಲೆ, ಭೋಸರಿಯಲ್ಲಿ ಕಬ್ಬಿಣದ ಬಿಡಿಭಾಗ ಮಾಡುವ ಫೋರ್ಜಿಂಗ್ ಕಾರ್ಖಾನೆ, ಬಾಗಿಲಲ್ಲಿ ಎರಡು ಕಾರು. ಮುಕ್ತಾಳ ಚೆಲುವು ನೋಡಿ ತಾವಾಗಿಯೇ ಕೇಳಿಕೊಂಡು ಬಂದ ಸಂಬಂಧ ಅದು. ಆವಾಗಲೂ ರಂಗೂಬಾಯಿ, "ಇಷ್ಟು ದೊಡ್ಡವ್ರು ನಮ್ಮ ಮನಿಗೆ ಯಾಕ ಬಂದ್ರು? ಹುಡುಗಗ ಏನರ ಜಡ್ಡು ಅದ ಏನೋ" ಎಂದು ವಿಚಾರಣೆ ನಡೆಸಿದ್ದಳು. ಜಡ್ಡು ಏನೂ ಇರಲಿಲ್ಲ.

ಮುಕ್ತಾ ಅಹಂಕಾರದ ಹೆಣ್ಣಲ್ಲ. ದೀಪಾವಳಿಗೆ ಅಣ್ಣನ ಮನೆಗೆ ಬಂದರೆ ದೊಡ್ಡ ಅಂಗಡಿಯ ಮಿಠಾಯಿ ಡಬ್ಬಿ, ವೈನಿ ಎಂದು ಕರೆಯುವ ಅತ್ತಿಗೆಗೊಂದು ಸೀರೆ ತಪ್ಪುತ್ತಿರಲಿಲ್ಲ. ತಾನು ಹೊಸ ಸೀರೆ ಕೊಂಡರೆ ಫಾಲ್ ಹಚ್ಚಲು ರಂಗೂಬಾಯಿಯ ಹತ್ತಿರವೇ ಕಳಿಸುತ್ತಿದ್ದಳು. ಆದರೂ ಬಂಗಲೆಗೆ ಹೋದಾಗ ರಂಗೂಬಾಯಿ ಆ ಮೆತ್ತನೆಯ ದೊಡ್ಡ ಸೋಫಾದ ಅಂಚಿಗೆ ಮಾತ್ರ ಕೂರುತ್ತಿದ್ದಳು. ಪೂರಾ ಕೂತರೆ ಯಾರೋ ಏನೋ ಅಂದಾರು ಎಂಬ ಭಾವನೆ ಎಷ್ಟು ವರ್ಷವಾದರೂ ಹೋಗಲಿಲ್ಲ.

ಮೂರು ವರ್ಷದ ಹಿಂದೆ ಮೊದಲ ಬದಲಾವಣೆ ಕಂಡಿತು. ದೀಪಾವಳಿಗೆ ಮುಕ್ತಾ ಬಂದಳು, ಆದರೆ ಮಿಠಾಯಿ ಡಬ್ಬಿ ತರಲಿಲ್ಲ. ಸ್ಟೀಲ್ ಡಬ್ಬಿಯೊಂದರಲ್ಲಿ ಬೇಸನ್ ಲಾಡು ತಂದಿದ್ದಳು. "ಈ ಸಲ ನಾನs ಮಾಡೀನಿ ವೈನಿ, ಕೈಯಾರೆ," ಎಂದಳು. ಲಾಡು ಮುಟ್ಟಿದರೆ ಒಡೆಯುತ್ತಿತ್ತು. ಏಳುವಾಗ ಸ್ವಲ್ಪ ಅಳುಕಿ, "ಡಬ್ಬಿ ಖಾಲಿ ಮಾಡಿ ಕೊಡ್ತೀರೇನು?" ಎಂದು ಕೇಳಿದಳು.

ಅವಳು ಮೆಟ್ಟಿಲಿಳಿದ ಮೇಲೆ ರಂಗೂಬಾಯಿ ಗಂಡನಿಗೆ ಹೇಳಿದಳು: "ನೋಡಿದ್ರೇನು? ಮಿಠಾಯಿ ಡಬ್ಬಿ ಮಂದಿಗೆ, ಒಡಕ ಲಾಡು ನಮಗ. ಡಬ್ಬಿ ಸುದ್ದಾ ಬಿಡಲಿಲ್ಲ."

ಶ್ಯಾಮರಾಯರು ಲಾಡಿನ ಪುಡಿಯನ್ನು ಚಮಚದಲ್ಲಿ ತಿನ್ನುತ್ತ, "ರುಚಿ ಛೊಲೋ ಅದ," ಅಂದರು.

ಆಮೇಲೆ ಸೀರೆಗಳು ನಿಂತವು. ಒಂದು ಹಬ್ಬ ಹೋಯಿತು, ಇನ್ನೊಂದು ಹೋಯಿತು, ಫಾಲ್ ಹಚ್ಚಲು ಮುಕ್ತಾಳ ಮನೆಯಿಂದ ಒಂದು ಸೀರೆಯೂ ಬರಲಿಲ್ಲ. ಬಂಗಲೆಯ ಹೆಂಗಸು ಸೀರೆ ಕೊಳ್ಳುವುದನ್ನು ಬಿಡುತ್ತಾಳೆಯೇ? ಹಾಗಾದರೆ ಬೇರೆ ಯಾರಿಗೋ ಕೊಡುತ್ತಿದ್ದಾಳೆ. ರಂಗೂಬಾಯಿ ಹೆಗಲಿಗೆ ಚೀಲ ಹಾಕಿಕೊಂಡು ಡೆಕ್ಕನ್ ಕಡೆಯ ಫಾಲ್-ಪಿಕೊ ಅಂಗಡಿಗಳನ್ನೆಲ್ಲ ಸುತ್ತಿ, "ಜಮಖಂಡಿಕರರ ಸೀರೆ ಇಲ್ಲಿ ಬರ್ತಾವೇನು?" ಎಂದು ಮರಾಠಿಯಲ್ಲಿ ಕೇಳಿದಳು. ಯಾರೂ ಹೌದೆನ್ನಲಿಲ್ಲ. ಎಲ್ಲರಿಗೂ ಮುಕ್ತಾ ಹೇಳಿಟ್ಟಿದ್ದಾಳೆ ಎಂದು ಅವಳು ತೀರ್ಮಾನಿಸಿದಳು.

ಗೌರಿಯ ಅರಿಷಿಣ ಕುಂಕುಮಕ್ಕೆ ಬಂಗಲೆಯಿಂದ ಕರೆ ಬರಲಿಲ್ಲ. ಫೋನು ಮಾಡಿದರೆ, "ಈ ವರ್ಷ ಮಾಡಿಲ್ಲ ವೈನಿ, ಮೈಯಾಗ ಆರಾಮಿರಲಿಲ್ಲ" ಎಂಬ ಉತ್ತರ. ಮಾಡಿಯೇ ಇದ್ದಾರೆ, ನಮ್ಮನ್ನು ಬಿಟ್ಟಿದ್ದಾರೆ ಎಂದು ರಂಗೂಬಾಯಿ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು, ಅವರ ತಂಗಿಯಲ್ಲವೇ! ಒಂದು ಸಲ ಮುಕ್ತಾ ಬಸ್ಸಿನಿಂದ ಇಳಿಯುವುದನ್ನು ಕಣ್ಣಾರೆ ನೋಡಿ, "ಕಾರ್ ಎಲ್ಲಿ?" ಎಂದು ಕೇಳಿದಳು. "ಡ್ರೈವರ್ ಊರಿಗೆ ಹೋಗ್ಯಾನ. ಡಾಕ್ಟರೂ ಅಡ್ಡಾಡು ಅಂತಾರ," ಎಂದಳು ಮುಕ್ತಾ. ನಮ್ಮ ಗಲ್ಲಿಯ ಗೋಡೆಗೆ ಕಾರು ಉಜ್ಜೀತೆಂದು ಎಲ್ಲೋ ದೂರ ನಿಲ್ಲಿಸಿ ಬಸ್ಸು ಹತ್ತಿ ಬಂದಿದ್ದಾಳೆ ಎಂದುಕೊಂಡಳು ರಂಗೂಬಾಯಿ.

ಹೀಗೆ ಒಂದೊಂದನ್ನೂ ನೋಡಿದಳು, ಒಂದನ್ನೂ ಬಿಡಲಿಲ್ಲ. ಎಲ್ಲವೂ ತನಗೆ ಮಾಡಿದ ಅವಮಾನವಾಗಿಯೇ ಕಂಡವು. ಅವರ ಹತ್ತಿರ ಇಲ್ಲದಿರಬಹುದು ಎಂಬ ಮಾತು ಮಾತ್ರ ಮನಸ್ಸಿಗೆ ಬರಲಿಲ್ಲ. ಹಣವೆನ್ನುವುದು ಜಮಖಂಡಿಕರರ ಮನೆಯಲ್ಲಿ ಗೋಡೆಯಂತೆ, ಗಚ್ಚಿನಂತೆ ಇರುವಂಥದು. ಅದು ಎದ್ದು ಹೋಗುತ್ತದೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಇದೇ ಹೊತ್ತಿಗೆ ವಾಡೆಯನ್ನು ಕೆಡವಿ ಕಟ್ಟುವ ಮಾತು ಶುರುವಾಯಿತು. ಬಿಲ್ಡರನ ಕಡೆಯವನು ಬಂದು, ಹಳೆಯ ಬಾಡಿಗೆದಾರರಿಗೆಲ್ಲ ಹೊಸ ಕಟ್ಟಡದಲ್ಲಿ ಸಣ್ಣ ಫ್ಲ್ಯಾಟ್ ಸಿಗುತ್ತದೆ ಎಂದ. ಶ್ಯಾಮರಾಯರ ಮನೆಯ ಬಾಡಿಗೆ ಹಕ್ಕು ಅವರ ತಂದೆಯ ಹೆಸರಿನಲ್ಲಿತ್ತು. "ನಿಮಗೊಬ್ಬ ತಂಗಿ ಇದ್ದಾರಲ್ಲ, ಅವರ ಒಪ್ಪಿಗೆಯೂ ಬೇಕಾಗುತ್ತದೆ," ಎಂದು ಹೇಳಿ ಹೋದ.

ಅದಾದ ಎರಡೇ ವಾರಕ್ಕೆ ಮುಕ್ತಾ ಬರತೊಡಗಿದಳು. ವರ್ಷಕ್ಕೆರಡು ಸಲ ಬರುತ್ತಿದ್ದವಳು ಈಗ ವಾರಕ್ಕೆ ಎರಡು ಮೂರು ಸಲ, ಅದೂ ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ. ಬಂದವಳೇ ಬಚ್ಚಲಿಗೆ ಹೋಗುವಳು. ಮುಖ ತೊಳೆದು ಬಂದು ಹತ್ತು ನಿಮಿಷ ಕೂತು, ಚಹಾ ಕುಡಿದು, ಗೋಡೆ, ಮಾಡು, ಕಿಟಕಿ ನೋಡುತ್ತ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ ಎದ್ದುಬಿಡುವಳು. ಊಟ ಮಾಡು ಅಂದರೆ, "ಆಗ್ಯದ ವೈನಿ." ಒಂದು ದಿನ ಕೇಳಿಯೂ ಬಿಟ್ಟಳು: "ಹೊಸಾ ಮನಿ ಎಷ್ಟು ದೊಡ್ಡದು ಸಿಗ್ತದ ಅಂತ?"

ರಂಗೂಬಾಯಿಗೆ ಎಲ್ಲ ತಿಳಿದುಹೋಯಿತು. ಅಷ್ಟು ದೊಡ್ಡ ಬಂಗಲೆ ಇದ್ದೂ ಈ ಎರಡು ಕೋಣೆಯ ಮೇಲೆ ಕಣ್ಣು! ಮುಕ್ತಾ ಬಂದಾಗೆಲ್ಲ ಅವಳು ಕಣ್ಣು ತೆಗೆಯದೆ ನೋಡಿದಳು. ಕಾಲಿನ ಚಪ್ಪಲಿಗೆ ಹೊಲಿಗೆ ಬಿದ್ದಿತ್ತು. ಕೈಯಲ್ಲಿ ಬಂಗಾರದ ಪಾಟಲಿಯ ಬದಲು ಗಾಜಿನ ಬಳೆ. ಬಡವಳಂತೆ ಬಂದರೆ ಕರುಣೆ ಹುಟ್ಟೀತೆಂದು ತೆಗೆದಿಟ್ಟು ಬರುತ್ತಾಳೆ, ಜಾಣೆ!

ಒಂದು ದಿನ ಮುಕ್ತಾ ಮೆಟ್ಟಿಲಿಳಿಯುತ್ತಲೇ ರಂಗೂಬಾಯಿ ತಲೆಯ ಮೇಲೆ ಸೆರಗು ಹೊದ್ದು ಹಿಂದೆಯೇ ಹೊರಟಳು. ಮುಕ್ತಾ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಕೋಚಿಂಗ್ ಕ್ಲಾಸುಗಳ ಬೋರ್ಡು ತುಂಬಿದ ಪಕ್ಕದ ಗಲ್ಲಿಗೆ ಹೊರಳಿ, ಒಂದು ಕಟ್ಟಡದ ನೆಲಮಾಳಿಗೆಗೆ ಇಳಿದಳು. ಸರಕಾರಿ ಪರೀಕ್ಷೆಗೆ ಓದುವ ಹುಡುಗರು ದಿನವಿಡೀ ಕೂತು ಓದುವ ಅಭ್ಯಾಸಿಕೆ ಅದು. ಬಾಗಿಲಲ್ಲೇ ಒಂದು ಮೇಜು, ಒಂದು ಕುರ್ಚಿ. ಮುಕ್ತಾ ಆ ಕುರ್ಚಿಯಲ್ಲಿ ಕೂತು, ಒಳಗೆ ಹೋಗುವವನೊಬ್ಬನಿಗೆ, "ಮೋಬೈಲ್ ಬಂದ್ ಕರ, ಬಾಳಾ," ಎಂದು ಮೊಬೈಲ್ ಆರಿಸಲು ಹೇಳಿದಳು.

ಅಭ್ಯಾಸಿಕೆಯನ್ನೂ ಕೊಂಡರೇ! ರಂಗೂಬಾಯಿ ಎದುರಿನ ಝೆರಾಕ್ಸ್ ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದಳು. "ಅದರ ಮಾಲಕಿ ಅವರೇನು?"

ಅವನು ನಕ್ಕ. "ಮಾಲಕ ಬಾಣೇರದಾಗ ಇರ್ತಾನ್ರಿ ಕಾಕೂ. ಈ ಮ್ಯಾಡಮ್ ಪಗಾರಕ್ಕ ಇದ್ದಾರ. ಮುಂಜಾನಿಂದ ಸಂಜಿತನಾ ಕೂಡ್ತಾರ, ಪಾಪ." ಸೊಲ್ಲಾಪುರದ ಕಡೆಯ ಹುಡುಗ, ಅವಳ ಮರಾಠಿ ಕೇಳಿಯೇ ಕನ್ನಡದವಳೆಂದು ಗುರುತಿಸಿದ್ದ.

ಮನೆಗೆ ಬಂದು ಗಂಡನ ಮುಂದೆ ನಿಂತಳು. "ನಿಮ್ಮ ತಂಗಿ ನೌಕರಿ ಮಾಡ್ಲಿಕ್ಕೆ ಹತ್ಯಾಳ. ಗೊತ್ತದ ಏನು?"

ಶ್ಯಾಮರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಸುಳ್ಳು ಹೇಳಬೇಕಾದಾಗ ಅಥವಾ ಸುಳ್ಳು ಮುಗಿದುಹೋದಾಗ ಮಾಡುವ ಕೆಲಸ ಅದು.

"ಗೊತ್ತದ," ಅಂದರು. ಕಾರ್ಖಾನೆಯ ಮಾಲನ್ನೆಲ್ಲ ಕೊಳ್ಳುತ್ತಿದ್ದ ಒಂದೇ ದೊಡ್ಡ ಕಂಪನಿ ಹಠಾತ್ತನೆ ಬೇರೆಯವರ ಹತ್ತಿರ ಹೋದದ್ದು, ಹೊಸ ಯಂತ್ರಗಳಿಗೆ ಮಾಡಿದ ಸಾಲ ಕೊರಳಿಗೆ ಬಿದ್ದದ್ದು, ಕಾರ್ಖಾನೆ, ಕಾರು, ಕಡೆಗೆ ಬಂಗಲೆ ಹೋದದ್ದು, ಎಲ್ಲ ಹೇಳಿದರು. ಮುಕ್ತಾಳ ಮಗ ಓಂಕಾರ್ ಖರಾಡಿಯ ಆಫೀಸೊಂದರಲ್ಲಿ ದುಡಿಯುತ್ತಿದ್ದ. ಒಂದೂವರೆ ವರ್ಷದಿಂದ ಧಾಯರಿಯಲ್ಲಿ ಬಾಡಿಗೆ ಮನೆ.

"ನನಗ ಯಾಕ ಹೇಳಲಿಲ್ಲ?"

"ಅಕಿ ಆಣಿ ಹಾಕಿದ್ಲು. ಅಲ್ಲದs, ಹೇಳಿದ್ರ ನೀ ಖರೆ ಅಂತಿದ್ದಿ ಏನು?"

ಅನ್ನುತ್ತಿರಲಿಲ್ಲ. ಈಗಲೂ ಅನ್ನಲಿಲ್ಲ. ತನ್ನ ಮನೆಯಲ್ಲೇ, ತನ್ನ ಗಂಡನೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಾನೆಂದರೆ ಇದರೊಳಗೆ ಬೇರೇನೋ ಇರಲೇಬೇಕು. ಅಣ್ಣ ತಂಗಿ ಕೂಡಿ ಹೂಡಿದ ಆಟ ಇದು. ಬಡತನ ಬಂತೆಂದು ಹಬ್ಬಿಸಿ, ವಾಡೆಯ ಪಾಲು ಬಿಡಿಸಿಕೊಳ್ಳುವ ಹೂಟ. ತನ್ನ ಕಣ್ಣಿನಿಂದ ನೋಡದ ಹೊರತು ನಂಬುವ ಮಾತೇ ಇಲ್ಲ.

ರವಿವಾರ, ದೇವಸ್ಥಾನಕ್ಕೆಂದು ಹೇಳಿ ಮನೆಯಿಂದ ಹೊರಬಿದ್ದವಳು ಮೊದಲು ಪ್ರಭಾತ ರಸ್ತೆಗೆ ಹೋದಳು. ಬಂಗಲೆಯ ಗೇಟು ಹೊಸದು. ಹಿತ್ತಾಳೆಯ ಫಲಕದ ಮೇಲೆ ಯಾರದೋ ಅಡ್ಡಹೆಸರು. ಕಾವಲಿನವನು ಕುರ್ಚಿಯಿಂದ ಏಳದೆಯೇ ಹೇಳಿದ: "ಜಮಖಂಡಿಕರ? ತೇ ಕಧೀಚ ಗೇಲೇ." ಅವರು ಹೋಗಿ ಬಹಳ ದಿನವಾಯಿತು. ಹೋಗಿದ್ದಾರೆ ಸರಿ, ಇದನ್ನು ಮಾರಿ ಇದಕ್ಕಿಂತ ದೊಡ್ಡದನ್ನು ಕೊಂಡಿರಬಾರದೇಕೆ? ಗಂಡನ ಬಾಯಿಂದ ಮೊದಲೇ ಹೊರಡಿಸಿದ್ದ ವಿಳಾಸ ಹಿಡಿದು ಧಾಯರಿಯ ಬಸ್ಸು ಹತ್ತಿದಳು.

ಲಿಫ್ಟ್ ಇಲ್ಲದ ಕಟ್ಟಡ. ಮೂರನೆಯ ಮಹಡಿಯಲ್ಲಿ ಬಾಗಿಲು ಅರ್ಧ ಮಾತ್ರ ತೆರೆಯಿತು. ಹಿಂದೆ ಏನೋ ಅಡ್ಡ ಇತ್ತು. ಅರ್ಧ ತೆರೆದ ಬಾಗಿಲಲ್ಲಿ ಮುಕ್ತಾ ನಿಂತಿದ್ದಳು. ವೈನಿಯನ್ನು ನೋಡಿ ಮುಖದ ಬಣ್ಣವೇ ಹೋಯಿತು. "ವೈನಿ!" ಎಂದವಳು ಸರಿದು ದಾರಿ ಬಿಟ್ಟಳು.

ರಂಗೂಬಾಯಿ ಅಡ್ಡಡ್ಡವಾಗಿ ಒಳಗೆ ಬಂದಳು. ಬಾಗಿಲಿಗೆ ಅಡ್ಡವಾದದ್ದು ಬಂಗಲೆಯ ಅದೇ ಸೋಫಾ. ಸಣ್ಣ ಕೋಣೆಯನ್ನು ಅದೊಂದೇ ನುಂಗಿಬಿಟ್ಟಿತ್ತು. ಆಚೆ ಹೋಗುವವರು ಗೋಡೆಗೆ ಬೆನ್ನು ಉಜ್ಜಿಕೊಂಡೇ ಹೋಗಬೇಕು. ಹನ್ನೆರಡು ಜನ ಕೂತು ಉಣ್ಣುತ್ತಿದ್ದ ಮೇಜಿನ ಗಾಜನ್ನು ಬಾಲ್ಕನಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದರು, ಅದರ ಮೇಲೆ ಟವೆಲ್ಲು, ಲಂಗ ಒಣಗುತ್ತಿದ್ದವು. ಫ್ರಿಜ್ಜು ಮಲಗುವ ಕೋಣೆಯಲ್ಲಿತ್ತು. ಕೆತ್ತನೆಯ ತೂಗುಮಣೆ ಗೋಡೆಗೆ ಆನಿಸಿ ಇಟ್ಟಿತ್ತು. ತೂಗಹಾಕಲು ಮಾಡಿನಲ್ಲಿ ಕೊಂಡಿ ಇರಲಿಲ್ಲ. ರಂಗೂಬಾಯಿ ಪೊಲೀಸರಂತೆ ಒಂದೊಂದನ್ನೇ ನೋಡಿದಳು. ನಾಟಕಕ್ಕೆಂದು ಯಾರೂ ಇಷ್ಟು ದೊಡ್ಡ ಸೋಫಾವನ್ನು ಮೂರು ಮಹಡಿ ಏರಿಸುವುದಿಲ್ಲ.

ಸೋಫಾದ ಮೇಲೆ ಮುಕ್ತಾಳ ಗಂಡ ಜಮಖಂಡಿಕರರು ಕೂತಿದ್ದರು. ರವಿವಾರದ ಮಧ್ಯಾಹ್ನ, ಮನೆಯೊಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆಲ್ಟು, ಕಾಲಲ್ಲಿ ಪಾಲಿಶ್ ಮಾಡಿದ ಬೂಟು. ಎಲ್ಲಿಗೋ ಹೊರಟವರ ಹಾಗೆ. ಎದ್ದು ಕೈ ಮುಗಿದರು.

"ಬರ್ರಿ ಬರ್ರಿ ವೈನಿ! ಭಾಳ ದಿವ್ಸದ ಮ್ಯಾಲೆ. ಇಲ್ಲೆ ಸ್ವಲ್ಪ ಇಕ್ಕಟ್ಟು ಅದ ನೋಡ್ರಿ, ಅಡಚಣಿ ಮಾಡ್ಕೋಬ್ಯಾಡ್ರಿ. ಬಂಗಲೇಕ್ಕ ಬಣ್ಣ ಹಚ್ಚಸ್ಲಿಕ್ಕೆ ಹತ್ತೇವಿ. ಅದು ಮುಗಿಯೂತನಾ ನಾಕ ದಿವ್ಸ ಇಲ್ಲೆ."

ಬಂಗಲೆಯ ಹೊಸ ಗೇಟು ಇನ್ನೂ ರಂಗೂಬಾಯಿಯ ಕಣ್ಣಲ್ಲಿತ್ತು. ನಾನು ಅಲ್ಲಿಂದಲೇ ಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಜೀವಮಾನದಲ್ಲಿ ಅವಳು ಒಂದು ಸುಳ್ಳನ್ನೂ ಸುಮ್ಮನೆ ಬಿಟ್ಟವಳಲ್ಲ. ತರಕಾರಿಯವನದನ್ನೂ ಬಿಟ್ಟಿರಲಿಲ್ಲ, ಸ್ವಂತ ಅತ್ತೆಯದನ್ನೂ ಬಿಟ್ಟಿರಲಿಲ್ಲ. ಜಮಖಂಡಿಕರರ ಮುಖ ನೋಡಿದಳು. ಆ ಮುಖದಲ್ಲಿ ಮೋಸ ಹುಡುಕಿದಳು. ಕಂಡದ್ದು ಹೆದರಿಕೆ. ಅಡಿಗೆಮನೆಯ ಬಾಗಿಲಲ್ಲಿ ಮುಕ್ತಾ ಚಹಾದ ಪಾತ್ರೆ ಹಿಡಿದು ನಿಂತಿದ್ದಳು. ಅವಳೇನೂ ಸನ್ನೆ ಮಾಡಲಿಲ್ಲ, ಬೇಡಿಕೊಳ್ಳಲಿಲ್ಲ. ಸುಮ್ಮನೆ ಕಾಯುತ್ತಿದ್ದಳು.

"ಯಾವ ಬಣ್ಣ ಹಚ್ಚಸ್ತೀರಿ?" ಎಂದು ಕೇಳಿದಳು ರಂಗೂಬಾಯಿ.

ಜಮಖಂಡಿಕರರ ಬಿಗಿದಿದ್ದ ಹೆಗಲು ಸಡಿಲಾಯಿತು. "ಹೊರಗ ಬಿಳೇದ್ರಿ. ಒಳಗ ತಿಳಿ ಹಳದಿ ಅಂತ ವಿಚಾರ ಅದ. ಮುಕ್ತಾಗ ಹಸರ ಬೇಕಂತ."

"ತಿಳಿ ಹಳದಿನs ಛೊಲೋರಿ. ಆದ್ರ ಬಣ್ಣದವ್ರನ್ನ ನಂಬಬ್ಯಾಡ್ರಿ. ಇವತ್ತ ನಾಳೆ ಅಂತ ಭಾಳ ತಡಾ ಮಾಡ್ತಾರ."

"ಅದs ಆಗ್ಯದ ನೋಡ್ರಿ!" ಅಂದರು ಅವರು. ದನಿಯಲ್ಲಿ ಹಳೆಯ ಮಾಲಕರ ಠೀವಿ ಬಂದಿತ್ತು. ಅರ್ಧ ತಾಸು ಇಬ್ಬರೂ ಬಣ್ಣದವರ ಮಾತಾಡಿದರು. ಅವರು ಮಾಡುವ ಕಳ್ಳಾಟಗಳು ಯಾವುವು, ಡಬ್ಬಿಯಲ್ಲಿ ನೀರು ಹೇಗೆ ಬೆರೆಸುತ್ತಾರೆ ಎಂದು ರಂಗೂಬಾಯಿ ವಿವರವಾಗಿ ಹೇಳಿದಳು. ಮಾತಿನ ಭರದಲ್ಲಿ ತಾನು ಆ ಸೋಫಾದಲ್ಲಿ ಹಿಂದೆ ಒರಗಿ ಕೂತದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಬಸ್ಸಿನವರೆಗೆ ಕಳಿಸಲು ಮುಕ್ತಾ ಬಂದಳು.

"ಬಂಗಲೇಕ್ಕ ಹೋಗಿ ಬಂದೀರಿ, ಹೌದಲ್ಲೋ ವೈನಿ? ನೀವು ನೋಡದs ಬರೂ ಪೈಕಿ ಅಲ್ಲ."

"ಹೋಗಿದ್ದೆ."

"ದಿನಾ ಹಿಂಗs ಬೂಟು ಹಾಕ್ಕೊಂಡು ಕೂಡ್ತಾರ. ಬಂದವ್ರ ಮುಂದ ಎಲ್ಲಾ ಇದನ್ನs ಹೇಳ್ತಾರ. ಮಂದಿ ನಕ್ಕೋತ ಹೋಗ್ತಾರ. ನೀವು ನಗಲಿಲ್ಲ."

ರಂಗೂಬಾಯಿ ರಸ್ತೆಯಲ್ಲೇ ನಿಂತಳು. "ಅದು ಇರ್ಲಿ. ನನಗೊಂದು ಖರೆ ಹೇಳು. ನಮ್ಮ ಮನ್ಯಾಗ ಪಾಲು ಕೇಳ್ಲಿಕ್ಕೇ ಬರ್ತಿದ್ದಿ, ಹೌದೋ ಅಲ್ಲೋ?"

ಮುಕ್ತಾ ತಲೆ ಎತ್ತಿ ನೋಡಿದಳು. "ಮೊದಲ ಬಂದದ್ದು ಬಚ್ಚಲಕ್ಕ ವೈನಿ. ಆ ನೆಲಮಾಳಿಗ್ಯಾಗ ಹೆಂಗಸ್ರಿಗೆ ಸಂಡಾಸ ಇಲ್ಲ. ಮುಂಜಾನಿಂದ ನೀರ ಕುಡೀದs ಕೂಡ್ತಿದ್ದೆ. ಆಮ್ಯಾಲೆ ವಾಡೆದ ಸುದ್ದಿ ಕೇಳಿ ಇವರು, 'ನಿನ್ನ ಪಾಲು ಕೇಳು' ಅಂದ್ರು. ಕೇಳಬೇಕಂತs ಮೆಟ್ಲ ಹತ್ತತಿದ್ದೆ. ನೀವು ಚಹಾ ಕೊಡ್ತಿದ್ರಿ, ಬಾಯಿ ಬರತಿರಲಿಲ್ಲ. ಸಹಿ ಎಲ್ಲೆ ಮಾಡ್ಬೇಕು ಹೇಳ್ರಿ, ಮಾಡಿ ಕೊಡ್ತೀನಿ. ನನಗ ಏನೂ ಬ್ಯಾಡ."

ಅಂತೂ ಸಂಶಯ ಖರೆಯಾಯಿತು. ಇಷ್ಟು ವರ್ಷದ ಸಂಶಯಗಳಲ್ಲಿ ಖರೆಯಾದದ್ದು ಇದೊಂದೇ ಇರಬೇಕು. ಗೆದ್ದೆ ಅನ್ನಿಸಬೇಕಿತ್ತು. ಅದರ ಬದಲು, ಈ ಹೆಂಗಸು ತನ್ನ ಮನೆಯ ಬಚ್ಚಲಿಗೆ ಬರಲೂ ಭೇಟಿಯ ನೆಪ ಹುಡುಕಿದಳಲ್ಲ, ಅದೂ ತನ್ನ ಈ ಕಣ್ಣುಗಳಿಗೆ ಹೆದರಿ, ಎಂದು ರಂಗೂಬಾಯಿಗೆ ನಾಚಿಕೆಯಾಯಿತು. "ನಾಳಿಂದ ಊಟಕ್ಕ ಬಾ. ಊಟ ಆಗ್ಯದ ಅಂತ ಸುಳ್ಳ ಹೇಳಿದ್ರ ನನಗ ತಿಳೀತದ," ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಹಾಗೆಂದು ಪಾಲಿನ ಮಾತು ಒಂದೇ ದಿನಕ್ಕೆ ಬಗೆಹರಿಯಲಿಲ್ಲ. ಶ್ಯಾಮರಾಯರು ಎಂದೂ ಇಲ್ಲದ ಗಟ್ಟಿತನದಿಂದ, "ಅಪ್ಪನ ಮನಿ ಅಕೀದೂ ಅದ," ಅಂದರು. ರಂಗೂಬಾಯಿ ಒಂದು ವಾರ ಜಗಳವಾಡಿದಳು. ಹೆಸರು ಹಾಕಿದರೆ ನಾಳೆ ಓಂಕಾರ್ ಬಂದು ಪೂರಾ ತನ್ನದೇ ಅನ್ನುವುದಿಲ್ಲ ಎಂಬುದಕ್ಕೆ ಏನು ಭರವಸೆ? ಮಗಳಿಗೆ ಫೋನು ಮಾಡಿದಳು. ಸುರಭಿ, "ಅವ್ವಾ, ಮುಕ್ತಾ ಆತ್ಯಾನ ಹೆಸರು ಹಾಕು. ನನಗ ಬ್ಯಾಡ," ಎಂದಳು. ಮಗಳೂ ಅವರ ಕಡೆಗೇ ಸೇರಿದಳೆಂದು ಅವಳ ಮೇಲೂ ಎರಡು ದಿನ ಸಿಟ್ಟು. ಆ ವಾರವೆಲ್ಲ ಮುಕ್ತಾ ಮಧ್ಯಾಹ್ನ ಬಂದು ಉಂಡು ಹೋಗುತ್ತಿದ್ದಳು. ಕಡೆಗೆ ಒಂದು ದಿನ ಅವಳ ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸುತ್ತ ರಂಗೂಬಾಯಿಯೇ ಹೇಳಿದಳು, "ಕಾಗದದಾಗ ನಿನ್ನ ಹೆಸರೂ ಇರ್ತದ. ಇದು ದಾನ ಅಲ್ಲ ಮತ್ತ, ಹಕ್ಕು. ನಾಳೆ ಜಗಳಾ ತಗದೀ ಅಂದ್ರ ನಾನೂ ಸುಮ್ನ ಕೂಡೂಕಿ ಅಲ್ಲ."

ಕರಾರಿನ ದಿನ ಎಲ್ಲರೂ ಬಿಲ್ಡರನ ಆಫೀಸಿಗೆ ಹೋದರು. ಜಮಖಂಡಿಕರರು ಕೋಟು ಹಾಕಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಎಲ್ಲರೂ ಸಹಿ ಮಾಡುತ್ತಿದ್ದಾಗ ಅವರು, ಕಂಬಗಳಿಗೆ ಯಾವ ಕಬ್ಬಿಣ ಹಾಕುತ್ತೀರಿ ಎಂದು ಕೇಳಿದರು. ಮೇಜಿನ ಹಿಂದಿದ್ದ ಅಶ್ವಿನ್ ಎಂಬ ತರುಣ ಇಂಜಿನಿಯರು ಕತ್ತೆತ್ತದೆಯೇ, "ಕಾಕಾ, ತೇ ಆಮ್ಹೀ ಬಘತೋ," ಅಂದ. ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಆ ದನಿ ರಂಗೂಬಾಯಿಗೆ ಸಹನೆಯಾಗಲಿಲ್ಲ. ಮೇಜಿನ ಮೇಲೆ ಕೈಯೂರಿ ನಿಂತು, ಇಡೀ ಆಫೀಸಿಗೆ ಕೇಳುವಂತೆ ಮರಾಠಿಯಲ್ಲಿ ಹೇಳಿದಳು: ಇವರು ಭೋಸರಿಯಲ್ಲಿ ಕಾರ್ಖಾನೆಯ ಮಾಲಕರು, ಕಬ್ಬಿಣದಲ್ಲೇ ಜೀವನ ಕಳೆದವರು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡು. ಹುಡುಗ ಗಾಬರಿಯಾಗಿ ಎದ್ದು, "ಸಾರಿ ಸರ್, ಬಸಾ ನಾ," ಎಂದು ಕುರ್ಚಿ ಎಳೆದುಕೊಟ್ಟು, ನಕ್ಷೆ ಬಿಚ್ಚಿ ವಿವರಿಸತೊಡಗಿದ. ಜಮಖಂಡಿಕರರು ಕನ್ನಡಕ ಏರಿಸಿ ಒಂದೊಂದು ಕಂಬಕ್ಕೂ ಒಂದೊಂದು ಪ್ರಶ್ನೆ ಕೇಳಿದರು.

ಈಗ ವಾಡೆಯ ಜಾಗದಲ್ಲಿ ಹೊಸ ಕಟ್ಟಡ ಎರಡನೆಯ ಮಹಡಿಗೆ ಬಂದಿದೆ. ರವಿವಾರ ಜಮಖಂಡಿಕರರೂ ರಂಗೂಬಾಯಿಯೂ ಅದನ್ನು ನೋಡಲು ಹೋಗುತ್ತಾರೆ. ಸಿಮೆಂಟಿನಲ್ಲಿ ಉಸುಕು ಹೆಚ್ಚಾಗಿದೆ ಎಂದು ಅವಳಿಗೆ ಖಾತ್ರಿ. ಸಲಾಕೆ ತೆಳುವಾಗಿದೆ ಎಂದು ಅವರಿಗೆ ಅನುಮಾನ. ಇಬ್ಬರೂ ಕೂಡಿ ಮೇಸ್ತ್ರಿಯನ್ನು ಗೋಳಾಡಿಸುತ್ತಿರುವಾಗ ಅಣ್ಣ ತಂಗಿ ಎದುರಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾರೆ.